ಕೂಲಿಯವನ ಊಟವೂ ರಬ್ಬಿಗಳ ವಾದವೂ

‘ಊಟ, ವಸತಿ ಸಹಿತ ಇಂತಿಷ್ಟು ಸಂಬಳ’ ಎಂಬ ಮಾತಿನ ಮೇಲೆ ಊರು ಬಿಟ್ಟು ಬಂದು ಹೋಟೆಲು ಸೇರಿದವರು ನಮ್ಮ ವಾಚಕರಲ್ಲಿ ಹಲವರು. ಊಟವೆಂದರೆ ಏನು, ಎಷ್ಟು ಎಂಬುದನ್ನು ಆ ಹೊತ್ತಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ಕೇಳುವ ಧೈರ್ಯ ಆಳಿಗೂ ಇರುವುದಿಲ್ಲ. ಇದೇ ಪ್ರಶ್ನೆಯನ್ನು ಸುಮಾರು 1800 ವರ್ಷಗಳ ಹಿಂದೆ ಯೆಹೂದ್ಯ ಧರ್ಮಪಂಡಿತರು ಎತ್ತಿಕೊಂಡು ವಾದಿಸಿದ್ದರೆಂದರೆ ಕೆಲವರಿಗಾದರೂ ಸೋಜಿಗವೆನಿಸೀತು.

ಯೆಹೂದ್ಯರು ನಮಗೆ ತೀರ ಅಪರಿಚಿತರಲ್ಲ. ಕೊಂಕಣದ ಹಳ್ಳಿಗಳಲ್ಲಿ ಗಾಣವಾಡಿಸುತ್ತ, ಶನಿವಾರ ಮಾತ್ರ ಗಾಣ ನಿಲ್ಲಿಸಿ ‘ಶನಿವಾರ ತೇಲಿ’ಗಳೆಂದು ಹೆಸರು ಪಡೆದ ಬೆನೆ ಇಸ್ರಾಯೇಲರ ವಿಷಯವನ್ನು ಮುಂಬಯಿಯ ವಾಚಕರು ಕೇಳಿರಬಹುದು. ಆದರೆ ನಾವು ಹೇಳಹೊರಟಿರುವ ವಾದಗಳು ನಡೆದದ್ದು ದೂರದ ಗಲಿಲಾಯದಲ್ಲಿ ಮತ್ತು ಬಾಬಿಲೋನಿಯದಲ್ಲಿ. ರಬ್ಬಿಗಳೆಂಬ ಆ ಪಂಡಿತರ ತೀರ್ಪುಗಳನ್ನು ಕ್ರಿ. ಶ. 200ರ ಸುಮಾರಿಗೆ ರಬ್ಬಿ ಯೆಹೂದಾ ಎಂಬವರು ಸಂಗ್ರಹಿಸಿದರು, ಅದೇ ಮಿಷ್ನಾ. ಅದರ ಮೇಲೆ ನಂತರದ ಶತಮಾನಗಳ ಚರ್ಚೆ ಬೆಳೆದು ತಾಲ್ಮುದ್ ಆಯಿತು. ಸೋತ ಪಕ್ಷದ ಮಾತನ್ನೂ ಹೆಸರುಸಹಿತ ಉಳಿಸಿಟ್ಟಿರುವುದು ಈ ಗ್ರಂಥಗಳ ವೈಶಿಷ್ಟ್ಯ.

ರಬ್ಬಿ ಯೋಹಾನಾನ್ ಬೆನ್ ಮತ್ಯಾ ಒಮ್ಮೆ ಕೂಲಿಯಾಳುಗಳನ್ನು ಕರೆತರಲು ಮಗನನ್ನು ಕಳುಹಿಸಿದರು. ಮಗನು ಊಟ ಕೊಡುವುದಾಗಿ ಮಾತು ಕೊಟ್ಟು ಬಂದನು. ತಂದೆಗೆ ಗಾಬರಿಯಾಯಿತು. ಈ ಆಳುಗಳು ಅಬ್ರಹಾಮನ ವಂಶದವರು. ಸೊಲೊಮೋನ ರಾಜನ ಔತಣವನ್ನೇ ಬಡಿಸಿದರೂ ಕೊಟ್ಟ ಮಾತು ತೀರಿದಂತಾಗದು. ಆದುದರಿಂದ ಕೆಲಸ ಆರಂಭವಾಗುವ ಮೊದಲೇ ಹೋಗಿ, ರೊಟ್ಟಿ ಮತ್ತು ಬೇಳೆಕಾಳು ಇಷ್ಟೇ ಎಂದು ಕರಾರು ಮಾಡಿ ಬಾ ಎಂದರು. ಆಳಿನ ಕುಲವನ್ನು ಅರಸನ ಸಮಕ್ಕೆ ಏರಿಸಿ, ಅದೇ ಉಸಿರಿನಲ್ಲಿ ಊಟವನ್ನು ಬೇಳೆಗೆ ಇಳಿಸಿದ ಈ ಜಾಣ್ಮೆಗೆ ನಮಗೆ ನಗು ಬಾರದಿರಲಿಲ್ಲ. ರಬ್ಬಾನ್ ಶಿಮೋನ್ ಬೆನ್ ಗಮ್ಲಿಯೇಲರು ಈ ಮಾತನ್ನು ಒಪ್ಪಲಿಲ್ಲ. ಅಂಥ ಕರಾರು ಬೇಕಿಲ್ಲ, ಎಲ್ಲವೂ ಊರ ವಾಡಿಕೆಯಂತೆ ಎಂದರು. ವಾಡಿಕೆಯಲ್ಲಿ ಊಟದೊಡನೆ ಸಿಹಿಯೂ ಇದ್ದರೆ ಸಿಹಿಯನ್ನೂ ಕೊಡತಕ್ಕದ್ದೆಂದು ಮಿಷ್ನಾ ಹೇಳುತ್ತದೆ.

ದುಡಿಮೆಯ ಹೊತ್ತಿಗೂ ಇದೇ ನ್ಯಾಯ. ವಾಡಿಕೆಯಿಲ್ಲದ ಕಡೆ ಆಳನ್ನು ನಸುಕಿಗೇ ಬಾ, ಕತ್ತಲಾಗುವವರೆಗೂ ಇರು ಎಂದು ಬಲವಂತಪಡಿಸಕೂಡದು. ಹೆಚ್ಚು ಕೂಲಿ ಕೊಟ್ಟೆನಲ್ಲ, ಅದು ಈ ಹೆಚ್ಚಿನ ಹೊತ್ತಿಗಾಗಿಯೇ ಎಂದು ಧಣಿ ವಾದಿಸಿದರೆ? ನೀವು ಹೆಚ್ಚು ಕೊಟ್ಟದ್ದು ಒಳ್ಳೆಯ ಕೆಲಸಕ್ಕಾಗಿ, ಹೆಚ್ಚು ಹೊತ್ತಿಗಾಗಿ ಅಲ್ಲ ಎಂದು ಆಳು ಉತ್ತರಿಸಬಹುದೆಂದು ತಾಲ್ಮುದ್ ಆಳಿನ ಬಾಯಿಗೆ ಮಾತು ಒದಗಿಸುತ್ತದೆ. ಆಫೀಸಿನಲ್ಲಿ ದೀಪ ಹಚ್ಚಿದ ಮೇಲೂ ಲೆಕ್ಕ ಬರೆಯುವ ನಮ್ಮ ಗುಮಾಸ್ತ ಮಿತ್ರರು ಇದನ್ನು ಗಮನಿಸಿಯಾರು.

ಎಲ್ಲಕ್ಕಿಂತ ನಮ್ಮನ್ನು ತಡೆದು ನಿಲ್ಲಿಸಿದ್ದು ಹಮಾಲರ ಪ್ರಕರಣ. ಬಾಬಿಲೋನಿಯದ ರಬ್ಬಾ ಎಂಬ ಪಂಡಿತನ ದ್ರಾಕ್ಷಾರಸದ ಗುಡಾಣವನ್ನು ಹಮಾಲರು ಒಡೆದುಹಾಕಿದರು. ನಷ್ಟಕ್ಕೆ ಪ್ರತಿಯಾಗಿ ಅವನು ಅವರ ಮೇಲುಹೊದಿಕೆಗಳನ್ನು ಕಿತ್ತುಕೊಂಡನು. ಅವರು ರಾವ್ ಎಂಬ ಆಚಾರ್ಯರಲ್ಲಿ ದೂರಿಟ್ಟರು. (ಹೆಸರು ಕೇಳಿ ನಮ್ಮ ಕಡೆಯ ರಾಯರೆಂದು ಭ್ರಮಿಸಬೇಡಿ, ಇವರು ಕ್ರಿ. ಶ. 247ರಲ್ಲಿ ತೀರಿಕೊಂಡ ಮಹಾ ರಬ್ಬಿ.) ಹೊದಿಕೆ ಹಿಂದಕ್ಕೆ ಕೊಡು ಎಂದು ರಾವ್ ತೀರ್ಪಿತ್ತರು. ಇದು ಕಾನೂನೇ ಎಂದು ರಬ್ಬಾ ಕೇಳಿದನು. ಹೌದು ಎಂದ ರಾವ್, ಸಜ್ಜನರ ಹಾದಿಯಲ್ಲಿ ನಡೆಯಬೇಕೆಂಬ ಜ್ಞಾನೋಕ್ತಿಯೊಂದರ ಮೊದಲರ್ಧವನ್ನು ಆಧಾರವಾಗಿ ತೋರಿಸಿದರು. ಆಗ ಹಮಾಲರು ತಾವು ಬಡವರು, ದಿನವೆಲ್ಲ ದುಡಿದು ಹಸಿದಿದ್ದೇವೆ, ಕೈಯಲ್ಲಿ ಕಾಸಿಲ್ಲ ಎಂದರು. ಹಾಗಾದರೆ ಕೂಲಿಯನ್ನೂ ಕೊಡು ಎಂದರು ರಾವ್. ಇದೂ ಕಾನೂನೇ? ಹೌದು, ಈ ಸಲ ಅದೇ ವಚನದ ಉತ್ತರಾರ್ಧ ಆಧಾರವಾಯಿತು.

ಈ ‘ಹೌದು’ ಮುಂದಿನವರನ್ನು ನೂರಾರು ವರ್ಷ ಕಾಡಿತು. ಫ್ರಾನ್ಸಿನ ರಾಶಿ (1040–1105) ಇದು ಕಾನೂನಿನ ಗೆರೆಯನ್ನು ಮೀರಿದ ಧರ್ಮವೆಂದು ವಿವರಿಸಿದರು. ಹಾಗಾದರೆ ಅಂಥ ಧರ್ಮವನ್ನು ನ್ಯಾಯಸಭೆ ಬಲವಂತದಿಂದ ನಡೆಸಬಹುದೇ? ಧಣಿ ಸ್ಥಿತಿವಂತನಾಗಿದ್ದರೆ ಬಲವಂತಪಡಿಸಬಹುದೆಂದು ಜರ್ಮನಿಯ ಕೆಲವು ಪಂಡಿತರು ಹೇಳಿದರು. ಜರ್ಮನಿಯಿಂದ ಸ್ಪೇನಿಗೆ ಹೋಗಿ ನೆಲೆಸಿದ ರಬ್ಬಿ ಆಶೇರ್ (ಮರಣ 1327) ಕೂಡದೆಂದರು: ಬಲವಂತಕ್ಕೆ ಒಳಗಾದದ್ದು ಕಾನೂನಿಗೆ ಮೀರಿದ್ದು ಹೇಗಾದೀತು? ತರ್ಕ ಆಶೇರರ ಕಡೆಗಿದೆ. ಆದರೂ ನಮ್ಮ ಮನಸ್ಸು ಮೊದಲಿನವರ ಕಡೆಗೇ ವಾಲುತ್ತದೆ. ಧಣಿಯ ಮರ್ಜಿಯೊಂದಕ್ಕೇ ಬಿಟ್ಟರೆ ಹಮಾಲನ ಹೊದಿಕೆ ಹಿಂದಿರುಗುವುದು ಅಪರೂಪ.

ಇನ್ನೊಂದು ಚಿಕ್ಕ ವಾದವುಂಟು. ಕೂಲಿ ಕೊಟ್ಟಾಯಿತು ಎಂದು ಧಣಿ, ಬಂದಿಲ್ಲ ಎಂದು ಆಳು. ಸಾಮಾನ್ಯ ನಿಯಮದಂತೆ ಪ್ರಮಾಣ ಮಾಡಬೇಕಾದವನು ಪ್ರತಿವಾದಿ. ಇಲ್ಲಿ ಮಾತ್ರ ಆಳು ಪ್ರಮಾಣ ಮಾಡಿ ಹಣ ಪಡೆಯುತ್ತಾನೆ. ಹಲವು ಆಳುಗಳ ಗಡಿಬಿಡಿಯಲ್ಲಿ ಧಣಿಗೆ ಮರೆವು ಸಹಜವೆಂಬುದು ಕಾರಣ. ಹಾಗಿದ್ದರೆ ಆಳಿನಿಂದ ಪ್ರಮಾಣವಾದರೂ ಏಕೆ ಎಂದು ಒಬ್ಬರು ಕೇಳುತ್ತಾರೆ. ಧಣಿಯ ಮನಸ್ಸಮಾಧಾನಕ್ಕೆ ಎಂದು ಉತ್ತರ. ಸಾಕ್ಷಿಗಳ ಎದುರಿಗೇ ಕೂಲಿ ಕೊಡಿಸಬಾರದೇಕೆ? ಅದು ತೊಡಕಿನ ಕೆಲಸ. ಮುಂಗಡವಾಗಿಯೇ ಕೊಟ್ಟುಬಿಟ್ಟರೆ? ಅದೂ ಆಗದು, ಇಬ್ಬರಿಗೂ ಉದ್ದರಿಯೇ ಇಷ್ಟವಂತೆ.