ಅಂಗಡಿಹಳ್ಳಿಯ ವಾಗ್ರಿಗಳು

ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿ ಎಂದರೆ ಸುತ್ತಲಿನವರಿಗೆ ನೆನಪಾಗುವುದು ಹಕ್ಕಿಪಿಕ್ಕಿ ಕಾಲೊನಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಜನಕ್ಕೂ ಗೊತ್ತಿರುವುದು ಇದೇ ಹೆಸರು. ಆದರೆ ಮನೆಮಾತಿನಲ್ಲಿ ಇವರು ವಾಗ್ರಿಗಳು, ಆಡುವುದು ವಾಗ್ರಿ ಬೋಲಿ. ಗುಜರಾತಿಗೆ ಹತ್ತಿರದ ಈ ನುಡಿಗೆ ಸ್ವಂತ ಲಿಪಿಯಿಲ್ಲ. ಗುಜರಾತಿಯಾ, ಮೇವಾರ, ಪನ್ವಾರ, ಕಾಳಿವಾಲಾ ಎಂಬ ಕುಲದ ಹೆಸರುಗಳೇ ಹಿರಿಯರು ಬಂದ ದಾರಿಯನ್ನು ಹೇಳುತ್ತವೆ.

ಹಕ್ಕಿ ಹಿಡಿಯುವುದನ್ನು ಕಂಡ ಕನ್ನಡಿಗರು ಹಕ್ಕಿಪಿಕ್ಕಿ ಎಂದರು; ಉತ್ತರ ಕರ್ನಾಟಕದಲ್ಲಿ ಹರಣಶಿಕಾರಿ ಎಂದರು. ಇವರ ನೆಂಟ ಸಮುದಾಯಗಳನ್ನು ತಮಿಳರು ನರಿಕುರವರೆಂದೂ ತೆಲುಗರು ನಕ್ಕಲರೆಂದೂ ಕರೆದರು. ನರಿಯೂ ನಕ್ಕವೂ ಒಂದೇ ಪ್ರಾಣಿ. ಮನುಷ್ಯರನ್ನು ಹೀಗೆ ಕರೆದದ್ದು ನನಗೆ ನೋವಿನ ಸಂಗತಿಯಾಗಿಯೇ ಕಾಣುತ್ತದೆ.

ಅಮೆರಿಕದ ಬಯಲುಸೀಮೆಯ ‘ಸೂ’ ಜನರ ಪಾಡೂ ಇದೇ. ಅವರು ತಮ್ಮನ್ನು ಲಕೋಟ, ಡಕೋಟ ಎಂದುಕೊಳ್ಳುತ್ತಾರೆ. ಗೆಳೆಯರು, ಒಂದಾದವರು ಎಂದು ಅರ್ಥ. ನೆರೆಯ ಒಜಿಬ್ವೆಗಳು ಅವರನ್ನು ಕರೆಯುತ್ತಿದ್ದ ಉದ್ದನೆಯ ಪದವನ್ನು ಫ್ರೆಂಚ್ ವ್ಯಾಪಾರಿಗಳು ತಮ್ಮ ಬಾಯಿಗೆ ಒಗ್ಗಿಸಿಕೊಂಡು ಬಾಲವನ್ನಷ್ಟೇ ಉಳಿಸಿದರು. ಆ ಪದಕ್ಕೆ ‘ಚಿಕ್ಕ ಹಾವುಗಳು’ ಎಂಬ ಅರ್ಥ ಬಹುಕಾಲ ಪ್ರಚಾರದಲ್ಲಿತ್ತು. ‘ಬೇರೆ ಮಾತಾಡುವವರು’ ಎಂಬುದು ಈಚಿನ ಭಾಷಾತಜ್ಞರ ವಾದ.

ಇಂಥ ಹೆಸರು ಒಮ್ಮೆ ದಾಖಲೆ ಸೇರಿತೆಂದರೆ ಬಿಡುವುದು ಸುಲಭವಲ್ಲ. ಅಮೆರಿಕ ಸರ್ಕಾರ ಅವರೊಂದಿಗೆ ಮಾಡಿಕೊಂಡ 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿರುವುದು ಸೂ ಎಂಬ ಹೆಸರೇ. ಅವರಿಂದ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳನ್ನು ಕಿತ್ತುಕೊಂಡದ್ದಕ್ಕೆ ಪರಿಹಾರ ಕೊಡಬೇಕೆಂದು 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದೂ ಅದೇ ಹೆಸರಿಗೆ. ಬೆಟ್ಟವೇ ಬೇಕು ಎಂದ ಜನ ಹಣ ಮುಟ್ಟಲಿಲ್ಲ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆಯೇ ಅಪರಾಧವಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ವಾಗ್ರಿಗಳು ಮಣಿಸರ, ಪ್ಲಾಸ್ಟಿಕ್ ಹೂವು ಮಾರಿದರು. ಗಿಡಮೂಲಿಕೆಯ ಎಣ್ಣೆ ಹೊತ್ತು ಆಫ್ರಿಕಾ ದೇಶಗಳನ್ನೂ ಸುತ್ತಿದರು. 2023ರಲ್ಲಿ ಸುಡಾನ್ ಕಾಳಗದ ನಡುವೆ ಸಿಕ್ಕಿಬಿದ್ದಾಗ ಸುದ್ದಿಗಳಲ್ಲಿ ಬಂದದ್ದೂ ‘ಹಕ್ಕಿಪಿಕ್ಕಿಗಳು’ ಎಂದೇ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿರುವುದೂ ಅದೇ ಹೆಸರು. ಮಗುವಿನ ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ ಎಲ್ಲಕ್ಕೂ ಆ ಜಾತಿ ಪ್ರಮಾಣಪತ್ರ ಬೇಕು. ಹಾಗಾಗಿ ಹೆಸರು ಬದಲಿಸಿಕೊಳ್ಳಿ ಎಂದು ಹೊರಗಿನವರು ಉಪದೇಶ ಮಾಡುವುದು ಸರಿಯಲ್ಲ. ಆದರೆ ಜನಗಣತಿಯಲ್ಲಿ ಮಾತೃಭಾಷೆಯ ಕಾಲಂ ಬೇರೆಯೇ ಇದೆ. ಗಣತಿಗೆ ಹೋಗುವ ಮೇಷ್ಟರು ಅಂಗಡಿಹಳ್ಳಿಯಲ್ಲಿ ಕನ್ನಡವೆಂದು ತಾವೇ ತುಂಬಿಕೊಳ್ಳದೆ, ಮನೆಯವರನ್ನು ಕೇಳಿ ‘ವಾಗ್ರಿ ಬೋಲಿ’ ಎಂದು ಬರೆದುಕೊಳ್ಳಲಿ.