ಕಾರ್ಯಪ್ರವಾಹದ ಚಿತ್ರ

ಯಾವುದೇ ಕಾರ್ಯವನ್ನು ಕೈಗೊಳ್ಳುವ ಮೊದಲು ಅದರ ಹಂತಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವುದು ಮಾನವನ ಸಹಜ ಗುಣ. ಆ ಜೋಡಣೆಯನ್ನು ಚಿತ್ರವಾಗಿ ಬರೆದರೆ ಲೋಪದೋಷಗಳು ಬೇಗನೆ ಕಣ್ಣಿಗೆ ಬೀಳುತ್ತವೆ. ಅಮೆರಿಕದ ಫ್ರಾಂಕ್ ಗಿಲ್ಬ್ರೆತ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿಗಳು 1921ರಲ್ಲಿಯೇ ಕೆಲಸದ ಹಂತಗಳನ್ನು ಇಂತಹ ಚಿತ್ರಗಳಲ್ಲಿ ನಿರೂಪಿಸುವ ಕ್ರಮವನ್ನು ಮುಂದಿಟ್ಟರು. ಇಂದು ಗಣಕಯಂತ್ರದ ತೆರೆಯ ಮೇಲೆ ರಚಿಸಿದ ಚಿತ್ರವೇ ಯಂತ್ರಗಳನ್ನು ನಡೆಸಬಲ್ಲದು.

2013ರಲ್ಲಿ ಐಬಿಎಂ ಸಂಸ್ಥೆಯ ನಿಕ್ ಓಲಿಯರಿ ಮತ್ತು ಡೇವ್ ಕಾನ್ವೆ-ಜೋನ್ಸ್ ಎಂಬವರು ರೂಪಿಸಿದ ‘ನೋಡ್-ರೆಡ್’ ಅಂತಹ ಒಂದು ತಂತ್ರಾಂಶ. ಇದರಲ್ಲಿ ತೆರೆಯ ಎಡಭಾಗದಲ್ಲಿ ಘಟಕಗಳ ಪಟ್ಟಿಯೂ ನಡುವೆ ಬರಿದಾದ ಅಂಗಳವೂ ಇರುತ್ತವೆ. ಬೇಕಾದ ಘಟಕವನ್ನು ಪಟ್ಟಿಯಿಂದ ಎಳೆದು ತಂದು ಅಂಗಳದಲ್ಲಿ ಇರಿಸಬೇಕು. ಸಂದೇಶವು ಘಟಕದ ಎಡಬದಿಯ ದ್ವಾರದಿಂದ ಒಳಬರುತ್ತದೆ. ಬಲಬದಿಯ ದ್ವಾರದಿಂದ ಹೊರಹೋಗುತ್ತದೆ. ಒಂದರ ಹೊರದ್ವಾರದಿಂದ ಮತ್ತೊಂದರ ಒಳದ್ವಾರಕ್ಕೆ ಗೆರೆಯೆಳೆದರೆ ಅವೆರಡಕ್ಕೂ ಸಂಬಂಧ ಏರ್ಪಡುತ್ತದೆ. ಹೀಗೆ ಎಳೆದ ಗೆರೆಯ ಮೇಲೆ ಹೊಸ ಘಟಕವನ್ನು ತಂದು ಬಿಟ್ಟರೆ, ಮಾಲೆಯ ನಡುವೆ ಹೂವೊಂದನ್ನು ಪೋಣಿಸಿದಂತೆ ಅದು ಅಲ್ಲಿಯೇ ಸೇರಿಕೊಳ್ಳುತ್ತದೆ.

ಘಟಕದ ಮೇಲೆ ಎರಡು ಬಾರಿ ಒತ್ತಿದರೆ ಅದರ ವಿವರಗಳು ತೆರೆದುಕೊಳ್ಳುತ್ತವೆ. ಅಲ್ಲಿ ಹೆಸರು, ನಿಯಮ, ಅಂಕಿಗಳನ್ನು ತಿದ್ದಬಹುದು. ತಿದ್ದಿದ ಘಟಕದ ಮೇಲೆ ನೀಲಿ ಚುಕ್ಕೆಯೊಂದು ಕಾಣುತ್ತದೆ. ಮೇಲ್ಭಾಗದ ‘ಡಿಪ್ಲಾಯ್’ ಗುಂಡಿಯನ್ನು ಒತ್ತುವವರೆಗೂ ಹಳೆಯ ವ್ಯವಸ್ಥೆಯೇ ನಡೆಯುತ್ತಿರುತ್ತದೆ.

ಶಾಲೆಯೊಂದರ ನೀರಿನ ತೊಟ್ಟಿಯನ್ನು ತುಂಬಿಸುವ ಮೋಟಾರನ್ನು ಈ ವಿಧಾನದಿಂದ ನಡೆಸುವರೆಂದು ಭಾವಿಸೋಣ. ಅಳತೆಯ ಸಾಧನವು ನೀರಿನ ಮಟ್ಟವನ್ನು ಶೇಕಡಾ ಲೆಕ್ಕದಲ್ಲಿ ತಿಳಿಸುತ್ತದೆ. ನಿರ್ಣಯದ ಘಟಕದಲ್ಲಿ ಎರಡು ನಿಯಮಗಳಿವೆ: ಮಟ್ಟವು 20ಕ್ಕಿಂತ ಇಳಿದರೆ ಮೋಟಾರು ಓಡಬೇಕು, 90ನ್ನು ದಾಟಿದರೆ ನಿಲ್ಲಬೇಕು. ತಿದ್ದುವಾಗ ಯಾರೋ 90ರ ಬದಲು 900 ಎಂದು ಬರೆದರೆ ಏನಾದೀತು? ಅಗತ್ಯ ವಿವರವನ್ನು ತುಂಬದೆ ಬಿಟ್ಟ ಘಟಕದ ಮೇಲೆ ಕೆಂಪು ತ್ರಿಕೋನವು ಮೂಡಿ ಎಚ್ಚರಿಸುತ್ತದೆ. ಆದರೆ 900 ಯಂತ್ರದ ದೃಷ್ಟಿಯಲ್ಲಿ ನಿರ್ದೋಷವಾದ ಸಂಖ್ಯೆ. ನೀರು ಆ ಮಟ್ಟವನ್ನು ಎಂದಿಗೂ ಮುಟ್ಟದು; ಮೋಟಾರು ನಿಲ್ಲದು. ತೊಟ್ಟಿ ತುಂಬಿ ಹರಿದು ಬಾವಿ ಬತ್ತಿದರೂ ತೆರೆಯ ಮೇಲಿನ ಚಿತ್ರವು ಅಂದವಾಗಿಯೇ ಇರುತ್ತದೆ.

ಆದಕಾರಣ ಬಲ್ಲವರು ಮೋಟಾರಿಗೆ ಸಂಬಂಧ ಕಲ್ಪಿಸುವ ಮೊದಲು, ಅದರ ಸ್ಥಾನದಲ್ಲಿ ‘ಡೀಬಗ್’ ಎಂಬ ಘಟಕವನ್ನು ಜೋಡಿಸುತ್ತಾರೆ. ತನಗೆ ಬಂದ ಸಂದೇಶವನ್ನು ಅದು ಪಕ್ಕದ ಫಲಕದಲ್ಲಿ ತೋರಿಸುತ್ತದೆ. 95 ಎಂಬ ಕಲ್ಪಿತ ಮಟ್ಟವನ್ನು ಕಳುಹಿಸಿದಾಗ ನಿಲ್ಲಿಸುವ ದ್ವಾರದಿಂದ ಸಂದೇಶ ಬಾರದಿದ್ದರೆ ತಪ್ಪು ಬಯಲಾಗುತ್ತದೆ. ಹೇಳಿದ ಹಂತಗಳನ್ನು ಯಂತ್ರವು ಚಾಚೂ ತಪ್ಪದೆ ನಡೆಸುತ್ತದೆ. ಹೇಳಿದ್ದು ಸರಿಯೇ ಎಂದು ವಿವೇಚಿಸುವ ಹೊಣೆ ಮಾನವನದೇ.