ಸೈನ್ ಹಾಕೋ ಮುಂಚೆ ಒಂದು ಮಾತು ಕೇಳಿ

ಮನೆಯವರೆಲ್ಲ ಮಲಗಿದ ಮೇಲೆ ಮೊಬೈಲ್‌ನಲ್ಲಿ ಏನೋ ಹುಡುಕುತ್ತೀರಿ. ಮುಟ್ಟಿನ ತೊಂದರೆ ಇರಬಹುದು, ಸಾಲದ ಚಿಂತೆ ಇರಬಹುದು, ವಿಚ್ಛೇದನದ ಬಗ್ಗೆ ಸಲಹೆಯೇ ಇರಬಹುದು. 'ಇನ್‌ಕಾಗ್ನಿಟೊದಲ್ಲಿ ನೋಡಿದ್ದೀನಿ, ಯಾರಿಗೂ ಗೊತ್ತಾಗಲ್ಲ ಬಿಡಿ' ಅಂತೀರಾ? ಸ್ವಲ್ಪ ತಾಳಿ!

ಇನ್‌ಕಾಗ್ನಿಟೊ ಅಳಿಸುವುದು ನಿಮ್ಮ ಮೊಬೈಲ್‌ನಲ್ಲಿ ಉಳಿಯುವ ಗುರುತನ್ನು ಮಾತ್ರ. ನೀವು ಯಾವ ತಾಣಕ್ಕೆ ಹೋದಿರಿ, ಎಷ್ಟು ಹೊತ್ತಿಗೆ ಹೋದಿರಿ ಎನ್ನುವುದನ್ನು ಇಂಟರ್‌ನೆಟ್ ಕೊಡುವ ಕಂಪನಿ ಸಾಮಾನ್ಯವಾಗಿ ತಿಳಿಯಬಲ್ಲದು. ತಾಣದ ವಿಳಾಸ 'ಎಚ್‌ಟಿಟಿಪಿಎಸ್' ಎಂದು ಶುರುವಾಗಿದ್ದರೆ ಒಳಗೆ ಓದಿದ್ದು, ಬರೆದದ್ದು ಅದಕ್ಕೆ ಕಾಣದು. ಲಕೋಟೆ ಅಂಟಿಸಿದ್ದರೂ ಮೇಲಿನ ವಿಳಾಸ ಅಂಚೆಯವನಿಗೆ ಕಾಣುತ್ತದಲ್ಲ, ಹಾಗೆ. ಆದರೆ ಬಂಜೆತನ ಚಿಕಿತ್ಸಾ ಕೇಂದ್ರದ ಹೆಸರೊಂದೇ ಸಾಕಲ್ಲವೇ, ಮನೆಯ ಗುಟ್ಟು ಊಹಿಸೋಕೆ?

ಇದು ಬರೀ ಅನುಮಾನವಲ್ಲ. ಬ್ರಿಟನ್ನಿನ ಬಿಟಿ ಕಂಪನಿ 2006 ಮತ್ತು 2007ರಲ್ಲಿ, ಗ್ರಾಹಕರು ನೋಡುವ ತಾಣಗಳನ್ನು ಗಮನಿಸಿ ಜಾಹೀರಾತು ತೋರಿಸುವ 'ಫಾರ್ಮ್' ಸಂಸ್ಥೆಯ ತಂತ್ರಜ್ಞಾನವನ್ನು ಸಾವಿರಾರು ಜನರ ಮೇಲೆ ಪರೀಕ್ಷಿಸಿತು. ಅವರಿಗೆ ಒಂದು ಮಾತೂ ಹೇಳಿರಲಿಲ್ಲ! 2008ರಲ್ಲಿ ವಿಷಯ ಬಯಲಾಗಿ ಜನ ತಿರುಗಿಬಿದ್ದರು. 2009ರಲ್ಲಿ ಬಿಟಿ ಆ ಯೋಜನೆ ಕೈಬಿಟ್ಟಿತು.

ನಮ್ಮ ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಒಪ್ಪಿಗೆ ಎಂದರೆ ಯಾವ ಉದ್ದೇಶಕ್ಕೆಂದು ತಿಳಿದು, ಒತ್ತಾಯವಿಲ್ಲದೆ ಕೊಟ್ಟದ್ದು ಎನ್ನುತ್ತದೆ ಕಾಯ್ದೆ. ವಿವರ ಕನ್ನಡದಲ್ಲೂ ಸಿಗಬೇಕು. ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತೆಯೂ ಇರಬೇಕು. ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಒಪ್ಪಿಗೆಯ ಈ ಕಲಮುಗಳ ಜಾರಿಗೆ ಅಲ್ಲಿಂದ 18 ತಿಂಗಳ ಗಡುವು. ಸರ್ಕಾರದ ನಿಯಮದಂತೆ ಕಂಪನಿ ಇಡಲೇಬೇಕಾದ ದಾಖಲೆಯ ಮಾತು ಬೇರೆ. ಜಾಹೀರಾತಿಗೆ ಬಳಸೋದಕ್ಕೆ ಮಾತ್ರ ನಿಮ್ಮನ್ನು ಕೇಳಲೇಬೇಕು.

ಹಾಗಾದರೆ ನೀವೇನು ಮಾಡಬಹುದು?

* 'ಇಲ್ಲೊಂದು ಸೈನ್ ಹಾಕಿ ಅಕ್ಕಾ' ಅಂದ ಕೂಡಲೇ ಹಾಕಬೇಡಿ. 'ನನ್ನ ಮಾಹಿತಿ ಯಾರಿಗೆ ಕೊಡ್ತೀರಪ್ಪಾ?' ಅಂತ ಕೇಳಿ.

* ಅರ್ಜಿಯಲ್ಲಾಗಲಿ, ಕಂಪನಿಯ ಆ್ಯಪ್‌ನಲ್ಲಾಗಲಿ ಜಾಹೀರಾತು, 'ಪಾಲುದಾರ ಸಂಸ್ಥೆ' ಎಂಬ ಕಡೆ ಮೊದಲೇ ಟಿಕ್ ಹಾಕಿದ್ದರೆ ತೆಗೆದುಬಿಡಿ.

* ಪುಕ್ಕಟೆ ಸಿಗುತ್ತದೆಂದು ಸಿಕ್ಕಿದ ವಿಪಿಎನ್ ಹಾಕಿಕೊಳ್ಳಬೇಡಿ. ಇಂಟರ್‌ನೆಟ್ ಕಂಪನಿಗೆ ಕಾಣುತ್ತಿದ್ದದ್ದು ಆಗ ವಿಪಿಎನ್‌ನವರಿಗೆ ಕಾಣುತ್ತದೆ, ಅಷ್ಟೇ!

* ಅನುಮಾನ ಬಂದರೆ ಮೊದಲು ಕಂಪನಿಗೆ ಬರೆದೇ ದೂರು ಕೊಡಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ತಿಂಗಳು ತಿಂಗಳು ದುಡ್ಡು ಕಟ್ಟುವವರು ನೀವು. ಕೇಳೋದಕ್ಕೆ ಸಂಕೋಚ ಯಾಕೆ?